1951ರ ವಿಲ್ಲೀಸ್ ಪಿಕಪ್: ಜೋಡಿ ಹಾರ್ನ್ ಹಾಕಿದರೂ ದನಿ ಏಳುತ್ತಿಲ್ಲ, ಬಟನ್ ಬಿಸಿಯಾಗುತ್ತಿದೆ

ತೋಟದಗಾಡಿ51

ಗಾಡಿ 1951ರ ವಿಲ್ಲೀಸ್ ಪಿಕಪ್, ಫೋರ್ ವೀಲ್, ಎಫ್-134 ಹರಿಕೇನ್ ಎಂಜಿನ್. ಮೂಲದಲ್ಲಿ 6 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ಗಾಡಿಯ ಲೋಹದ ಮೈಗೆ ಸೇರಿದ್ದು). ಈಗ 12 ವೋಲ್ಟ್ ಬ್ಯಾಟರಿ, ಆಲ್ಟರ್ನೇಟರ್ ಕೂತಿದೆ. ಬಲ್ಬುಗಳು, ಸ್ಟಾರ್ಟರ್ ಸೊಲೆನಾಯ್ಡ್, ಇಗ್ನಿಷನ್ ಕಾಯಿಲ್ ಎಲ್ಲ 12ಕ್ಕೆ ಬದಲಾಗಿವೆ. ಹಾರ್ನ್ ವೈರಿಂಗ್ ಒಂದು ಮಾತ್ರ ಹಳೆಯದೇ.

ಹಳೆಯ 6 ವೋಲ್ಟ್ ಹಾರ್ನ್ ಬಿಚ್ಚಿ, ಆ ಎರಡೇ ವೈರಿಗೆ ಹೊಸ 12 ವೋಲ್ಟ್ ಟ್ರಂಪೆಟ್ ಹಾರ್ನ್ ಜೋಡಿ ಸೇರಿಸಿದ್ದಾಯಿತು. ಬ್ಯಾಟರಿಗೆ ನೇರ ಹಿಡಿದರೆ ಎರಡೂ ಗಟ್ಟಿಯಾಗಿ ಕೂಗುತ್ತವೆ. ಗಾಡಿಯ ಬಟನ್ ಒತ್ತಿದರೆ ನೆಗಡಿಯಾದವರ ದನಿ. ನಾಲ್ಕೈದು ಸಲ ಒತ್ತಿದರೆ ಬಟನ್ ಸುತ್ತ ಬೆಚ್ಚಗಾಗುತ್ತದೆ. 10 ಆಂಪಿನ ಗಾಜಿನ ಫ್ಯೂಸು ಎರಡು ಸಲ ಹೋಗಿದೆ.

ಅಳತೆ: ಎಂಜಿನ್ ಆಫ್, ಬ್ಯಾಟರಿ ಮೇಲೆ 12.5 ವೋಲ್ಟ್. ಬಟನ್ ಒತ್ತಿ ಹಿಡಿದಾಗ ಹಾರ್ನಿನ ಎರಡು ಟರ್ಮಿನಲ್ ನಡುವೆ 8.6 ವೋಲ್ಟ್.

ಗಾಡಿ ಸಕಲೇಶಪುರ ಕಡೆಯ ತೋಟದ್ದು, ಶಿರಾಡಿ ಘಾಟಿಯಲ್ಲೂ ಇಳಿಯುತ್ತದೆ. ತಿರುವಿನಲ್ಲಿ ಎದುರು ಬರುವ ಲಾರಿಗೆ ಕೇಳಬೇಕು, ಅಷ್ಟೇ ಬೇಕಾದದ್ದು. ಸ್ಟೀರಿಂಗ್ ನಡುವಿನ ಮೂಲ ಬಟನ್ ಉಳಿಯಬೇಕು, ಡ್ಯಾಶ್‌ಬೋರ್ಡಿಗೆ ತೂತು ಹೊಡೆಯಬಾರದು. ಇದಕ್ಕಿಂತ ದೊಡ್ಡ ಹಾರ್ನ್ ತರಬೇಕಾ, ವೈರಿಂಗ್ ಬದಲಿಸಬೇಕಾ? ಹಳೆಯ ಹಾರ್ನನ್ನೂ ಬಳಸಲು ದಾರಿ ಇದೆಯಾ?

ಅರ್ಥ್‌ಲೈನ್

ದೊಡ್ಡ ಹಾರ್ನ್ ಬೇಡವೇ ಬೇಡ. ನಿಮ್ಮ ಹಾರ್ನ್ ಚೆನ್ನಾಗಿದೆ, ಅದಕ್ಕೆ ಹೊಟ್ಟೆಗೆ ಸಿಗುತ್ತಿಲ್ಲ. 12.5ರಲ್ಲಿ 3.9 ವೋಲ್ಟ್ ದಾರಿಯಲ್ಲೇ ಕರಗುತ್ತಿದೆ. ಇದೇ ದಾರಿಗೆ ಇನ್ನೂ ದೊಡ್ಡ ಹಾರ್ನ್ ಕಟ್ಟಿದರೆ ಅದು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ದಾರಿಯ ನಷ್ಟವೂ ಏರುತ್ತದೆ, ದನಿ ಇದ್ದಲ್ಲೇ ಇರುತ್ತದೆ.

ಈ ವಿಲ್ಲೀಸ್‌ಗಳಲ್ಲಿ ಹಾರ್ನಿಗೆ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇರುವುದಿಲ್ಲ. ಲೈನ್ ಸದಾ ಹಾರ್ನಿನ ಒಂದು ಕಾಲಿನಲ್ಲಿ ನಿಂತಿರುತ್ತದೆ. ಇನ್ನೊಂದು ಕಾಲಿನ ವೈರು ಸ್ಟೀರಿಂಗ್ ಕಾಲಮ್ ಒಳಗೆ ಹೋಗಿ ಬಟನ್ ಮುಟ್ಟುತ್ತದೆ. ಬಟನ್ ಒತ್ತಿದಾಗ ಆ ವೈರಿಗೆ ಅರ್ಥ್ ಸಿಕ್ಕಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಅಂದರೆ ಹಾರ್ನಿನ ಇಡೀ ಕರೆಂಟ್ ಬಟನ್ನು, ಕಾಲಮ್ ವೈರು, ಬ್ರಷ್ಷು, ಸ್ಟೀರಿಂಗ್ ಶಾಫ್ಟು, ಗ್ರೀಸು ತುಂಬಿದ ಬೇರಿಂಗು ಇಷ್ಟನ್ನೂ ದಾಟಬೇಕು. ಒಂದು ಹಾರ್ನಿಗೆ ಮಾಡಿದ ದಾರಿ ಅದು. ಟ್ರಂಪೆಟ್ ಹಾರ್ನ್ ಒಂದೊಂದಕ್ಕೆ 4ರಿಂದ 5 ಆಂಪ್ ಲೆಕ್ಕ ಹಿಡಿಯಿರಿ, ಜೋಡಿಗೆ 8ರಿಂದ 10.

ನಷ್ಟ ಯಾವ ಕಡೆ ಅಂತ ಮೊದಲು ಗೊತ್ತಾಗಲಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಮೊನೆ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ), ಕಪ್ಪು ಮೊನೆ ಹಾರ್ನಿನ ಲೈನ್ ಟರ್ಮಿನಲ್ ಮೇಲೆ. ಯಾರಾದರೂ ಬಟನ್ ಒತ್ತಲಿ. ಬಂದ ಅಂಕಿ ಲೈನಿನ ಕಡೆಯ ನಷ್ಟ. ಆಮೇಲೆ ಕೆಂಪು ಮೊನೆ ಹಾರ್ನಿನ ಇನ್ನೊಂದು ಟರ್ಮಿನಲ್ಲಿಗೆ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಅದು ಬಟನ್ ಕಡೆಯ ನಷ್ಟ. ಬಟನ್ ಒತ್ತಿ ಹಿಡಿದಿರುವಾಗಲೇ ಓದಬೇಕು. ಕರೆಂಟ್ ಹರಿಯದಿದ್ದರೆ ನಷ್ಟವೂ ಕಾಣುವುದಿಲ್ಲ. ಅದಕ್ಕೇ ಸುಮ್ಮನೆ ಟೆಸ್ಟ್ ಲ್ಯಾಂಪ್ ಹಿಡಿದು "ಲೈನ್ ಇದೆಯಲ್ಲ" ಎನ್ನುವವರಿಗೆ ಈ ದೋಷ ಸಿಗುವುದೇ ಇಲ್ಲ.

ತೋಟದಗಾಡಿ51

ಲೈನ್ ಕಡೆ 0.9 ವೋಲ್ಟ್. ಬಟನ್ ಕಡೆ 3.0 ವೋಲ್ಟ್.

ಅರ್ಥ್‌ಲೈನ್

ಎರಡೂ ಕೂಡಿದರೆ ಸರಿಯಾಗಿ 3.9, ಅಳತೆ ನಂಬಬಹುದು. 9 ಆಂಪಿಗೆ 3 ವೋಲ್ಟ್ ಅಂದರೆ ಬಟನ್ ದಾರಿಯ ರೆಸಿಸ್ಟೆನ್ಸ್ ಸುಮಾರು 0.33 ಓಮ್. ಕೇಳಲು ಚಿಕ್ಕದು, ಆದರೆ ಅಲ್ಲಿ 27 ವಾಟ್ ಶಾಖ ಹುಟ್ಟುತ್ತಿದೆ. ನಿಮ್ಮ ಬಟನ್ ಬೆಚ್ಚಗಾಗುವುದು ಅದೇ.

ಇದಕ್ಕೆ ಮದ್ದು ರಿಲೇ. ಬಟನ್ ರಿಲೇಯ ಕಾಯಿಲನ್ನು ಮಾತ್ರ ಎಳೆಯಲಿ, ಹಾರ್ನಿನ ಕರೆಂಟ್ ಬೇರೆ ದಪ್ಪ ವೈರಿನಲ್ಲಿ ನೇರ ಹೋಗಲಿ. 12 ವೋಲ್ಟಿನ ಮಾಮೂಲಿ ರಿಲೇ ಕಾಯಿಲ್ 85 ಓಮ್ ಆಸುಪಾಸು ಇರುತ್ತದೆ, 0.15 ಆಂಪ್ ಎಳೆಯುತ್ತದೆ. ಬಟನ್ ದಾರಿಯ ರೆಸಿಸ್ಟೆನ್ಸ್ ನಾಳೆ 10 ಓಮಿಗೆ ಏರಿದರೂ ಕಾಯಿಲಿಗೆ 11 ವೋಲ್ಟ್ ಮೇಲೇ ಸಿಗುತ್ತದೆ, ರಿಲೇ ಎಳೆಯುತ್ತದೆ. ಅದೇ 10 ಓಮ್ ಈಗಿನ ಜೋಡಣೆಯಲ್ಲಿ ಇದ್ದರೆ ಹಾರ್ನ್ ಉಸಿರೂ ಬಿಡುವುದಿಲ್ಲ.

ಬೇಕಾಗುವ ಸಾಮಾನು: 12 ವೋಲ್ಟ್, 30 ಆಂಪಿನ ನಾಲ್ಕು ಕಾಲಿನ ರಿಲೇ ಒಂದು, ಅದರ ಸಾಕೆಟ್ ಒಂದು, ಮುಚ್ಚಳವಿರುವ ಬ್ಲೇಡ್ ಫ್ಯೂಸ್ ಹೋಲ್ಡರ್ ಒಂದು, 15 ಆಂಪಿನ ಫ್ಯೂಸು ಎರಡು (ಒಂದು ಗಾಡಿಯಲ್ಲಿ ಇಟ್ಟುಕೊಳ್ಳಲು). 2.5 ಚದರ ಮಿಲಿಮೀಟರಿನ ಆಟೋ ವೈರು ಕೆಂಪು 5 ಮೀಟರ್, ಕಪ್ಪು 2 ಮೀಟರ್. ಕಾಯಿಲಿಗೆ 1 ಚದರ ಮಿಲಿಮೀಟರಿನದು 3 ಮೀಟರ್. ವೈರಿನ ತುದಿಗೆ ಹಾಕುವ ಉಂಗುರದ ಲಗ್ಗು, ಸ್ಪೇಡ್ ಲಗ್ಗು, ಹೀಟ್ ಶ್ರಿಂಕ್ ಸ್ಲೀವು, 1ಎನ್4007 ಡಯೋಡ್ ಒಂದು. ಮನೆ ವೈರಿಂಗಿನ ಒಂಟಿ ಎಳೆಯ ವೈರು ತರಬೇಡಿ, ಗಾಡಿಯ ಅದುರಿಗೆ ಲಗ್ಗಿನ ಬುಡದಲ್ಲೇ ಮುರಿಯುತ್ತದೆ.

2.5 ಯಾಕೆ ಅಂದರೆ: ಅದರ ತಾಮ್ರದ ರೆಸಿಸ್ಟೆನ್ಸ್ ಮೀಟರಿಗೆ 0.007 ಓಮ್. 4 ಮೀಟರಿಗೆ 10 ಆಂಪಿನಲ್ಲಿ 0.28 ವೋಲ್ಟ್ ಹೋಗುತ್ತದೆ. ಅದೇ ಉದ್ದಕ್ಕೆ 1 ಚದರ ಮಿಲಿಮೀಟರ್ ಹಾಕಿದರೆ 0.7 ವೋಲ್ಟ್.

ಜೋಡಣೆ ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬ್ಯಾಟರಿ ಪಾಸಿಟಿವ್‌ನಿಂದ ಕೆಂಪು ವೈರು ಹೊರಟು, ಗೇಣುದ್ದದ ಒಳಗೇ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸು ಹಾರ್ನ್ ಹತ್ತಿರ ಇಟ್ಟರೆ, ಮಧ್ಯದ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸಿನಿಂದ ಪ್ರಯೋಜನ ಇಲ್ಲ, ವೈರೇ ಹೊತ್ತಿಕೊಳ್ಳುತ್ತದೆ. ಫ್ಯೂಸಿನಿಂದ ರಿಲೇಯ 30ಕ್ಕೆ (30, 87, 85, 86 ಇವು ರಿಲೇ ಕಾಲುಗಳ ನಂಬರು). 87ರಿಂದ ಹೊರಟ ಕೆಂಪು ವೈರು ಎರಡೂ ಹಾರ್ನಿನ ಒಂದೊಂದು ಕಾಲಿಗೆ. ಹಾರ್ನುಗಳ ಇನ್ನೊಂದು ಕಾಲಿನಿಂದ ಕಪ್ಪು ವೈರು ನೇರ ಚಾಸಿಗೆ. 85ಕ್ಕೆ ಬಟನ್ನಿನಿಂದ ಬರುವ ಹಳೆಯ ವೈರು. 86ಕ್ಕೆ ಇಗ್ನಿಷನ್ ಸ್ವಿಚ್ಚಿನ ಲೈನು.

ಕೀಲಿ ಇಲ್ಲದೆಯೂ ಹಾರ್ನ್ ಕೂಗಬೇಕು, ಮೂಲದಲ್ಲಿ ಹಾಗೇ ಇತ್ತು ಎನ್ನುವವರು 30ರಿಂದಲೇ 86ಕ್ಕೆ ಒಂದು ತುಂಡು ವೈರು ಎಳೆಯುತ್ತಾರೆ, ತಪ್ಪಲ್ಲ. ಆದರೆ ಕಾಲಮ್ ಒಳಗಿನ ವೈರು ಎಪ್ಪತ್ತು ವರ್ಷ ಹಳೆಯದು, ಬಟ್ಟೆ ಹೊದಿಕೆಯದು. ಅದು ರಾತ್ರಿ ಎಲ್ಲಾದರೂ ಲೋಹ ಮುಟ್ಟಿದರೆ ಶೆಡ್ಡಿನಲ್ಲಿ ನಿಂತ ಗಾಡಿ ಬೆಳಗಿನ ತನಕ ಕೂಗುತ್ತದೆ. ಆ ವೈರು ಬದಲಿಸುವ ತನಕ ಇಗ್ನಿಷನ್ ಲೈನೇ ಒಳ್ಳೆಯದು.

ಡಯೋಡ್ 85 ಮತ್ತು 86ರ ನಡುವೆ, ಬೆಳ್ಳಿ ಗೆರೆ ಇರುವ ತುದಿ 86ರ ಕಡೆ. ಬಟನ್ ಬಿಟ್ಟ ಕ್ಷಣ ಕಾಯಿಲಿನಿಂದ ಬರುವ ಕಿಡಿಯನ್ನು ಅದು ನುಂಗುತ್ತದೆ, ಹಳೆಯ ಬಟನ್ ಕಾಂಟ್ಯಾಕ್ಟ್ ಬಾಳಿಕೆ ಬರುತ್ತದೆ. ತಿರುಗಿಸಿ ಹಾಕಿದರೆ ಬಟನ್ ಒತ್ತಿದೊಡನೆ ನೇರ ಶಾರ್ಟ್. ರಿಲೇಯ ಮೇಲೆ ಅಚ್ಚಾದ ಚಿತ್ರದಲ್ಲಿ ಡಯೋಡ್ ಗುರುತು ಮೊದಲೇ ಇದ್ದರೆ ಬೇರೆ ಹಾಕಬೇಕಿಲ್ಲ. ಆದರೆ ಆ ರಿಲೇಯಲ್ಲಿ 85, 86 ಅದಲುಬದಲು ಮಾಡುವಂತಿಲ್ಲ. ಅಂಗಡಿಯವರು ಐದು ಕಾಲಿನ ರಿಲೇ ಕೊಟ್ಟರೆ ನಡುವಿನ 87ಎ ಖಾಲಿ ಬಿಡಿ. ಅದಕ್ಕೆ ಹಾರ್ನ್ ಸೇರಿಸಿದರೆ ಒತ್ತದೆ ಇರುವಾಗ ಕೂಗುತ್ತದೆ, ಒತ್ತಿದರೆ ನಿಲ್ಲುತ್ತದೆ.

ರಿಲೇ ಕಾಲುಗಳು ಕೆಳಮುಖವಾಗಿರಲಿ. ಮೇಲ್ಮುಖ ಕೂರಿಸಿದರೆ ಮಳೆಗಾಲದಲ್ಲಿ ಸಾಕೆಟ್ ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ, ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು.

ಕಾಲಮ್‌ಕೆಲಸ

ರಿಲೇ ಹಾಕಿದ ಮಾತ್ರಕ್ಕೆ ಬಟನ್ ಕಡೆಯ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕರೆಂಟ್ ಕಡಿಮೆಯಾಯಿತು ನಿಜ, ಆದರೆ ಸವೆದ ಹೊದಿಕೆ ಹಾಗೇ ಇದೆ.

ಬಟನ್ ತೆಗೆದರೆ ಕೆಳಗೆ ಸ್ಪ್ರಿಂಗು, ಕಾಂಟ್ಯಾಕ್ಟ್ ಬಟ್ಟಲು, ಫೈಬರಿನ ವಾಷರು ಸಿಗುತ್ತವೆ. ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಆ ಫೈಬರ್ ವಾಷರು ಕಳೆದುಹೋದರೆ ಅಥವಾ ಒಡೆದಿದ್ದರೆ ಬಟ್ಟಲು ಶಾಫ್ಟಿಗೆ ತಾಗಿಕೊಂಡೇ ಇರುತ್ತದೆ, ಹಾರ್ನ್ ನಿಲ್ಲುವುದಿಲ್ಲ. ಬದಲಿಗೆ 1.5 ಮಿಲಿಮೀಟರ್ ಬೇಕಲೈಟ್ ಹಾಳೆಯಿಂದ ಕತ್ತರಿಸಿಕೊಳ್ಳಬಹುದು. ರಬ್ಬರ್ ಹಾಕಬೇಡಿ, ಒತ್ತಿ ಒತ್ತಿ ತಗ್ಗುತ್ತದೆ.

ಕಾಂಟ್ಯಾಕ್ಟುಗಳನ್ನು 400 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಎರಡು ಉಜ್ಜು, ಅಷ್ಟೇ ಸಾಕು. ಕಪ್ಪು ಎಮರಿ ಬಟ್ಟೆ ಬೇಡ. ಅದರ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಕಾಂಟ್ಯಾಕ್ಟಿನ ಮೆತ್ತನೆಯ ಲೋಹದಲ್ಲಿ ನಾಟಿಕೊಂಡು ಮುಂದೆ ಕಾಟ ಕೊಡುತ್ತದೆ.

ಕಾಲಮ್ಮಿನ ಹೊರ ಕೊಳವೆಯ ಪಕ್ಕದಲ್ಲಿ ಪುಟ್ಟ ಬ್ರಷ್ ಇದ್ದರೆ, ಒಳಗೆ ಶಾಫ್ಟಿನ ಮೇಲೆ ಒಂದು ಉಂಗುರ ಇರುತ್ತದೆ, ಬ್ರಷ್ ಅದರ ಮೇಲೆ ಜಾರುತ್ತದೆ. ಬ್ರಷ್ ಬಿಚ್ಚಿ ನೋಡಿ. ಮುಖದ ಮೇಲೆ ಕಪ್ಪು ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ, ಚಾಸಿ ಗ್ರೀಸನ್ನೇ ಯಾರೋ ತುಂಬಿಸಿರುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟು, ಉಂಗುರಕ್ಕೆ ಪೆಟ್ರೋಲಿಯಂ ಜೆಲ್ಲಿ ಬೆರಳಿನ ತುದಿಯಲ್ಲಿ ಸವರಿದಷ್ಟು ಮಾತ್ರ ಹಚ್ಚಿ. ಬ್ರಷ್ಷಿನ ಸ್ಪ್ರಿಂಗ್ ಸತ್ತಿದ್ದರೆ ತಿರುಗಿಸುವಾಗ ಹಾರ್ನ್ ಬಿಟ್ಟು ಬಿಟ್ಟು ಕೂಗುತ್ತದೆ.

ವೈರು ಬದಲಿಸುವುದಾದರೆ ಹಳೆಯದನ್ನು ಸುಮ್ಮನೆ ಎಳೆದು ತೆಗೆಯಬೇಡಿ. ಹೊಸ ವೈರಿನ ತುದಿಯನ್ನು ಹಳೆಯದರ ತುದಿಗೆ ಬೆಸೆದು, ಬೆಸುಗೆಯ ಮೇಲೆ ತೆಳುವಾಗಿ ಟೇಪು ಸುತ್ತಿ, ಹಳೆಯದನ್ನು ಇನ್ನೊಂದು ತುದಿಯಿಂದ ನಿಧಾನ ಎಳೆದರೆ ಹೊಸದು ತಾನೇ ಹಿಂಬಾಲಿಸುತ್ತದೆ. ಕೊಳವೆಯ ಬಾಯಿ ಚೂಪಾಗಿರುತ್ತದೆ, ಎರಡೂ ತುದಿಯಲ್ಲಿ ಎರಡು ಇಂಚು ಸ್ಲೀವ್ ಇರಲೇಬೇಕು. ಸ್ಟೀರಿಂಗ್ ಚಕ್ರ ಬಿಚ್ಚಬೇಕಾಗಿ ಬಂದರೆ ಚಕ್ರ, ಶಾಫ್ಟು ಎರಡಕ್ಕೂ ಸೇರಿ ಒಂದು ಗೀರು ಹಾಕಿಕೊಳ್ಳಿ, ಪುಲ್ಲರ್ ಬಳಸಿ. ಶಾಫ್ಟಿನ ತಲೆಗೆ ಸುತ್ತಿಗೆಯಲ್ಲಿ ಹೊಡೆದರೆ ಪೆಟ್ಟು ಕೆಳಗಿನ ಸ್ಟೀರಿಂಗ್ ಬಾಕ್ಸಿನ ಬೇರಿಂಗಿಗೆ ಹೋಗಿ ತಲುಪುತ್ತದೆ. ಹಾರ್ನ್ ಸರಿಮಾಡಲು ಹೋಗಿ ಸ್ಟೀರಿಂಗ್ ಕೆಡಿಸಿಕೊಂಡ ಹಾಗಾಗುತ್ತದೆ.

ಶ್ರುತಿಪೆಟ್ಟಿಗೆ

ಹಾರ್ನ್ ಕೂರಿಸುವ ಬಗ್ಗೆ ಯಾರೂ ಹೇಳಿಲ್ಲ. ಅರ್ಧ ದನಿ ಅಲ್ಲೇ ಹೋಗುತ್ತದೆ.

ಹಾರ್ನ್ ಜೊತೆ ಬರುವ ಬಳುಕುವ ಉಕ್ಕಿನ ಪಟ್ಟಿ ಸುಮ್ಮನೆ ಕೊಟ್ಟದ್ದಲ್ಲ. ಅದನ್ನು ಬಿಸಾಡಿ, ಹಾರ್ನಿನ ಬೆನ್ನಿನ ಬೋಲ್ಟನ್ನು ನೇರ ದಪ್ಪ ತಗಡಿಗೆ ಬಿಗಿದರೆ ಡಯಾಫ್ರಾಮಿನ (ಹಾರ್ನ್ ಒಳಗೆ ಅದುರಿ ದನಿ ಹೊರಡಿಸುವ ತೆಳು ಬಿಲ್ಲೆಯ) ಅದುರು ತಗಡಿಗೆ ಇಳಿದು ದನಿ ಒಡೆಯುತ್ತದೆ. ಪಟ್ಟಿ ಹಾರ್ನಿನ ಬೆನ್ನಿನ ನಡು ಬೋಲ್ಟಿಗೆ ಮಾತ್ರ ಸೇರಬೇಕು, ಹಾರ್ನಿನ ಮೈ ಬೇರೆ ಯಾವುದಕ್ಕೂ ತಾಗಬಾರದು. ಸುತ್ತ ಕಿರುಬೆರಳು ಹೋಗುವಷ್ಟು ಜಾಗ ಬಿಡಿ.

ಶಂಖದ ಹಾಗೆ ಸುತ್ತಿದ ಟ್ರಂಪೆಟ್ಟಿನ ಬಾಯಿ ಮುಂದಕ್ಕೆ ಮತ್ತು ಕೆಳಕ್ಕೆ ಓರೆಯಾಗಿರಲಿ. ಬಾಯಿ ಮೇಲಕ್ಕಿದ್ದರೆ ಮಲೆನಾಡಿನ ಮಳೆ ಸುಳಿಯೊಳಗೆ ನಿಂತು ಡಯಾಫ್ರಾಮಿಗೆ ತುಕ್ಕು ಹಿಡಿಸುತ್ತದೆ. ಮೊದಮೊದಲು ಗುಳುಗುಳು ಎನ್ನುತ್ತದೆ, ಆಮೇಲೆ ಮೂಕ. ಗ್ರಿಲ್ ಹಿಂದೆ ರೇಡಿಯೇಟರ್ ಮುಂದೆ ಕೂರಿಸುವುದಾದರೆ ಒಂದು ಬದಿಗೆ ಸರಿಸಿ, ನಡುವೆ ಬೇಡ. ಘಾಟಿ ಹತ್ತುವಾಗ ಆ ಎಂಜಿನಿಗೆ ಗಾಳಿ ಪೂರ್ತಿ ಬೇಕು. ಫ್ಯಾನು, ಬೆಲ್ಟು, ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರವೂ ಬೇಡ.

ಅರ್ಥನ್ನು ಗ್ರಿಲ್ಲಿನ ತಗಡಿನಿಂದ ತೆಗೆಯಬೇಡಿ. ಬಣ್ಣ, ತುಕ್ಕು, ನಡುವಿನ ಪ್ಯಾಡುಗಳು ಎಲ್ಲ ಸೇರಿ ಅಲ್ಲಿ ಅರ್ಥ್ ಯಾವತ್ತೂ ನಂಬಿಕೆಯದಲ್ಲ. ಅರ್ಥ್‌ಲೈನ್ ಅವರು ಹೇಳಿದ ಕಪ್ಪು ವೈರನ್ನು ಚಾಸಿಯ ಉದ್ದ ಕಂಬಿಗೇ ತನ್ನಿ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಲಿ, ಲಗ್ಗು, ಹಲ್ಲಿನ ವಾಷರು, ನಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನಿಗೆ ಹೋಗುವ ಹೆಣೆದ ಪಟ್ಟಿಯನ್ನೂ ಒಮ್ಮೆ ಬಿಚ್ಚಿ ತಿಕ್ಕಿ ಹಾಕಿ.

ದನಿಯ ಆಯ್ಕೆ: ಡಿಸ್ಕ್ ಹಾರ್ನ್ ತೆಳ್ಳಗೆ, ಜಾಗ ಕಡಿಮೆ ಸಾಕು, ಆದರೆ ಕರ್ಕಶ. ಟ್ರಂಪೆಟ್ ದುಂಡಗೆ ಕೇಳುತ್ತದೆ, ಈ ವಯಸ್ಸಿನ ಗಾಡಿಗೆ ಅದೇ ಒಪ್ಪುತ್ತದೆ. ಮಾರುಕಟ್ಟೆಯ ಟ್ರಂಪೆಟ್ ಜೋಡಿಗಳಲ್ಲಿ ಸಾಮಾನ್ಯವಾಗಿ ಒಂದು 400, ಇನ್ನೊಂದು 500 ಹರ್ಟ್ಸ್ ಆಸುಪಾಸು. 4ಕ್ಕೆ 5ರ ಈ ಅನುಪಾತ ನಮ್ಮ ಷಡ್ಜ ಮತ್ತು ಅಂತರ ಗಾಂಧಾರದ್ದು. ಅದಕ್ಕೇ ಎರಡೂ ಒಟ್ಟಿಗೆ ಕೂಗಿದಾಗ ಕಿವಿಗೆ ಒಂದೇ ತುಂಬು ದನಿಯಾಗಿ ಬರುತ್ತದೆ. ಕೊಳ್ಳುವಾಗ ಮೈಮೇಲಿನ ಗುರುತು ನೋಡಿ, ಒಂದು ಹೈ, ಒಂದು ಲೋ ಇರಬೇಕು. ಬಿಡಿಬಿಡಿಯಾಗಿ ತಂದ ಎರಡು ಹೈ ಹಾರ್ನ್ ಸೇರಿಸಿದರೆ ಹತ್ತಿರ ಹತ್ತಿರದ ಎರಡು ಸ್ವರ ಒಂದಕ್ಕೊಂದು ತಾಕಿ ವೊಂಯ್ ವೊಂಯ್ ಎಂದು ಅಲೆಯುತ್ತದೆ. ಎಷ್ಟೇ ಆಂಪ್ ಕೊಟ್ಟರೂ ಆ ಅಲೆತ ಹೋಗುವುದಿಲ್ಲ.

ನಿಯಮಪುಸ್ತಕ

ಒಂದು ಮಾತು, ಘಾಟಿಯ ಹೆಸರು ಬಂದದ್ದಕ್ಕೆ. ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಮಲ್ಟಿಟೋನ್ ಹಾರ್ನ್ ಕೂಡದು. ವಿಪರೀತ ಕರ್ಕಶ, ಕಿವಿಗಡಚಿಕ್ಕುವ, ಬೆಚ್ಚಿಬೀಳಿಸುವ ಸದ್ದಿನ ಸಾಧನವೂ ಕೂಡದು. ಹೈ-ಲೋ ಜೋಡಿ ಒಟ್ಟಿಗೇ ಕೂಗುವುದರಿಂದ ಮಲ್ಟಿಟೋನ್ ಅಲ್ಲ. ಕಂಪ್ರೆಸರ್ ಇಟ್ಟ ಏರ್ ಹಾರ್ನ್, ಪೀಂ-ಪೊಂ-ಪೀಂ ಹಾರ್ನ್ ಹಾಕಬೇಡಿ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಬಿಚ್ಚಿಸುತ್ತಾರೆ ಎಂಬುದು ಹಾಗಿರಲಿ, ತಿರುವಿನಲ್ಲಿ ಎದುರಿಗೆ ಬೈಕಿನಲ್ಲಿ ಬರುವವರು ಬೆಚ್ಚಿ ಪ್ರಪಾತದ ಕಡೆ ಸರಿದುಬಿಡುತ್ತಾರೆ. ಕೊಳ್ಳುವ ಹಾರ್ನಿನ ಮೇಲೆ ಐಎಸ್ 1884 ಗುರುತು ಇದೆಯಾ ನೋಡಿ.

ಆರುವೋಲ್ಟ್

ಹಳೆಯ ಹಾರ್ನಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಬಳಸಬಹುದು, ದಯವಿಟ್ಟು ಗುಜರಿಗೆ ಹಾಕಬೇಡಿ.

6 ವೋಲ್ಟಿನ ಹಾರ್ನನ್ನು 12ಕ್ಕೆ ನೇರ ಕೊಟ್ಟರೆ ಕೆಲವು ದಿನ ಭಾರಿ ಗಟ್ಟಿಯಾಗಿ ಕೂಗಿ, ಆಮೇಲೆ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ. ನಡುವೆ ರೆಸಿಸ್ಟರ್ ಹಾಕುವ ಸಲಹೆ ಎಲ್ಲ ಕಡೆ ಸಿಗುತ್ತದೆ, ನನಗೆ ಒಪ್ಪಿಗೆಯಿಲ್ಲ. 8 ಆಂಪ್ ಎಳೆಯುವ ಹಾರ್ನಿಗೆ 0.75 ಓಮ್ ಬೇಕು, ಅದರಲ್ಲಿ ಸುಮಾರು 48 ವಾಟ್ ಶಾಖ. ಅದಕ್ಕಿಂತ ಮುಖ್ಯ, ಹಾರ್ನ್ ಒಳಗೆ ಕಾಂಟ್ಯಾಕ್ಟ್ ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುತ್ತದೆ. ತೆರೆದ ಗಳಿಗೆಯಲ್ಲಿ ರೆಸಿಸ್ಟರಿನಲ್ಲಿ ಕರೆಂಟ್ ಇರುವುದಿಲ್ಲವಾದ್ದರಿಂದ ಕಾಂಟ್ಯಾಕ್ಟ್ ಮೇಲೆ ಪೂರ್ತಿ 12 ವೋಲ್ಟೇ ಬೀಳುತ್ತದೆ, ಕಿಡಿ ಜಾಸ್ತಿ.

ಸರಿಯಾದ ದಾರಿ ಕಾಯಿಲನ್ನು ಮರುಸುತ್ತುವುದು. ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲೂ ಆಗುತ್ತದೆ. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿ. ಹೊಸದಕ್ಕೆ ಸುತ್ತು ಎರಡು ಪಟ್ಟು, ತಂತಿಯ ಅಡ್ಡಕೊಯ್ತ ಅರ್ಧ, ಅಂದರೆ ವ್ಯಾಸ 0.7 ಪಟ್ಟು. ಹಳೆಯದು 0.9 ಮಿಲಿಮೀಟರ್ ಇದ್ದರೆ ಹೊಸದು 0.63. ತಾಮ್ರದ ತೂಕ ಅಷ್ಟೇ, ತುಂಬುವ ಜಾಗ ಸುಮಾರು ಅಷ್ಟೇ, ಕಾಂತದ ಎಳೆತವೂ ಅಷ್ಟೇ, ಕರೆಂಟ್ ಮಾತ್ರ ಅರ್ಧ. ದನಿ ಮೂಲದ್ದೇ ಉಳಿಯುತ್ತದೆ.

ಬಿಚ್ಚುವಾಗ ಎಚ್ಚರ: ಡಯಾಫ್ರಾಮಿನ ಅಂಚಿನ ಕೆಳಗೆ ಕಾಗದದ ಗ್ಯಾಸ್ಕೆಟ್ ಇರುತ್ತದೆ. ಅದರ ದಪ್ಪವೇ ಆರ್ಮೇಚರ್ ಮತ್ತು ಕಾಂತದ ನಡುವಿನ ಸಂದು ನಿರ್ಧರಿಸುವುದು. ಹರಿದರೆ ಅಷ್ಟೇ ದಪ್ಪದ ಗ್ಯಾಸ್ಕೆಟ್ ಕಾಗದವೇ ಬೇಕು. ಸಿಲಿಕಾನ್ ಪೇಸ್ಟ್ ಬಳಿದರೆ ಸಂದು ಏರುಪೇರಾಗಿ ಶ್ರುತಿ ಕೆಡುತ್ತದೆ.

ಆಮೇಲೆ ಹೊಂದಾಣಿಕೆ. ಬೆನ್ನಿನ ಮೇಲೆ ಅಥವಾ ಮುಚ್ಚಳದ ಕೆಳಗೆ ಲಾಕ್ ನಟ್ಟು ಇರುವ ಸ್ಕ್ರೂ ಇದೆ. ಹಾರ್ನನ್ನು ವೈಸಿನಲ್ಲಿ ಅದರ ಬ್ರಾಕೆಟ್ ಹಿಡಿದು ಕಚ್ಚಿಸಿ, ಮೈ ಹಿಡಿದಲ್ಲ. ಸರಣಿಯಲ್ಲಿ ಆಮ್‌ಮೀಟರ್ ಸೇರಿಸಿ. ಬರೀ ಟಕ್ ಎಂದು ಒಂದು ಸಲ ಬಡಿದು ಕರೆಂಟ್ ಮಾತ್ರ ಜಾಸ್ತಿ ತೋರಿಸಿದರೆ ಕಾಂಟ್ಯಾಕ್ಟ್ ತೆರೆಯುತ್ತಿಲ್ಲ. ಕರೆಂಟೇ ಇಲ್ಲದಿದ್ದರೆ ಕಾಂಟ್ಯಾಕ್ಟ್ ಮುಚ್ಚುತ್ತಿಲ್ಲ, ಅಥವಾ ಕೊಳೆ ಕೂತಿದೆ. ಸ್ಕ್ರೂ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಎರಡು ಸೆಕೆಂಡು ಕೂಗಿಸಿ, ಕೇಳಿ, ಮತ್ತೆ ತಿರುಗಿಸಿ. ಗೊರಗೊರ ಹೋಗಿ ದನಿ ತಿಳಿಯಾದ ಜಾಗದಲ್ಲಿ ಲಾಕ್ ನಟ್ಟು ಬಿಗಿಯಿರಿ. ಬಿಗಿಯುವಾಗ ಸ್ಕ್ರೂ ಜೊತೆಗೇ ತುಸು ತಿರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಕೇಳಲೇಬೇಕು.

ಗಾಡಿಯನ್ನು 6 ವೋಲ್ಟಿನಲ್ಲೇ ಉಳಿಸಿಕೊಂಡವರಿಗೆ: ರಿಲೇ ಉಪಾಯ ನಿಮಗೂ ಸಲ್ಲುತ್ತದೆ, ಆದರೆ 6 ವೋಲ್ಟ್ ಕಾಯಿಲಿನ ರಿಲೇಯೇ ಬೇಕು, 12ರದ್ದು ಎಳೆಯುವುದಿಲ್ಲ. ವೈರು 4 ಚದರ ಮಿಲಿಮೀಟರ್ ಹಾಕಿ. ನಿಮ್ಮಲ್ಲಿ ಅರ್ಧ ವೋಲ್ಟ್ ಹೋದರೂ ನೂರಕ್ಕೆ ಎಂಟು ಭಾಗ ಹೋದ ಹಾಗೆ.

ತೋಟದಗಾಡಿ51

ಎಲ್ಲರಿಗೂ ತುಂಬಾ ಧನ್ಯವಾದ. ರಿಲೇ, 15 ಆಂಪ್ ಫ್ಯೂಸು, 2.5ರ ವೈರು ಹಾಕಿ ಆಯಿತು. ಹಾರ್ನುಗಳು ಉಕ್ಕಿನ ಪಟ್ಟಿಯ ಮೇಲೆ, ಬಾಯಿ ಕೆಳಕ್ಕೆ. ಅರ್ಥ್ ಚಾಸಿ ಕಂಬಿಗೆ. ಕಾಲಮ್ ವೈರು ಇನ್ನೂ ಹಳೆಯದು.

ಈಗಿನ ಅಳತೆ, ಒತ್ತಿ ಹಿಡಿದಾಗ: ಬ್ಯಾಟರಿ 12.3, ಹಾರ್ನ್ ಮೇಲೆ 11.9. ಎಂಜಿನ್ ಆಫ್ ಇದ್ದಾಗ ದನಿ ಅದ್ಭುತ. ಎರಡು ತೊಂದರೆ ಉಳಿದಿವೆ.

ಒಂದು, ಎಂಜಿನ್ ಓಡುವಾಗ ಒತ್ತಿದರೆ ರಿಲೇ ಟಕಟಕಟಕ ಬಡಿದುಕೊಳ್ಳುತ್ತದೆ, ದನಿ ನಡುಗುತ್ತದೆ. ಆಕ್ಸಲರೇಟರ್ ಕೊಟ್ಟರೆ ಬಡಿತವೂ ಬೇಗ ಬೇಗ. 86ರ ಲೈನನ್ನು ಇಗ್ನಿಷನ್ ಕಾಯಿಲಿನ ಪಾಸಿಟಿವ್‌ನಿಂದ ತೆಗೆದದ್ದು, ಹತ್ತಿರ ಇತ್ತು ಅಂತ.

ಎರಡು, ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಒತ್ತದೆಯೇ ಒಮ್ಮೆ ಪೀಂ ಅನ್ನುತ್ತದೆ.

ಅರ್ಥ್‌ಲೈನ್

ಮೊದಲನೆಯದರ ಉತ್ತರ ನಿಮ್ಮ ವಾಕ್ಯದಲ್ಲೇ ಇದೆ. ಆ ಇಗ್ನಿಷನ್ ಕಾಯಿಲಿನ ಮುಂದೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇರಬೇಕು, 12 ವೋಲ್ಟಿಗೆ ಬದಲಿಸಿದಾಗ ಹಾಕಿರುತ್ತಾರೆ. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಮುಚ್ಚಿದಾಗ ಕರೆಂಟ್ ಹರಿದು ಕಾಯಿಲಿನ ಪಾಸಿಟಿವ್ ಮೇಲೆ 6ರಿಂದ 8 ವೋಲ್ಟ್ ಮಾತ್ರ ಉಳಿಯುತ್ತದೆ. ಪಾಯಿಂಟ್ ತೆರೆದಾಗ ಪೂರ್ತಿ ವೋಲ್ಟೇಜ್. ಎಂಜಿನಿನ ಪ್ರತಿ ಸ್ಪಾರ್ಕಿಗೂ ಹೀಗೆ ಏರಿಳಿಯುವ ಲೈನನ್ನು ರಿಲೇಗೆ ಕೊಟ್ಟಿದ್ದೀರಿ, ಅದು ಎಂಜಿನಿನ ತಾಳಕ್ಕೆ ಬಡಿಯುತ್ತಿದೆ. ಆಕ್ಸಲರೇಟರಿಗೆ ತಕ್ಕಂತೆ ಬಡಿತ ಏರುವುದೇ ಸಾಕ್ಷಿ.

86ರ ವೈರನ್ನು ಬ್ಯಾಲಸ್ಟಿನ ಇನ್ನೊಂದು ಬದಿಗೆ, ಅಂದರೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ಬದಿಗೆ ಸರಿಸಿ. ಇನ್ನೂ ಒಳ್ಳೆಯದು ಸ್ವಿಚ್ಚಿನ ಹಿಂಬದಿಯ ಟರ್ಮಿನಲ್ಲಿನಿಂದಲೇ ತೆಗೆದು, ನಡುವೆ 2 ಆಂಪಿನ ಪುಟ್ಟ ಫ್ಯೂಸು ಹಾಕುವುದು. ಹಾಗೆ ಮಾಡಿದರೆ ಹಾರ್ನ್ ವೈರಿನ ಶಾರ್ಟಿನಿಂದ ಘಾಟಿಯ ನಡುವೆ ಎಂಜಿನ್ ನಿಲ್ಲುವ ಭಯ ಇರುವುದಿಲ್ಲ. ಬೇಗ ಸರಿಪಡಿಸಿ, ಬಡಿದುಕೊಳ್ಳುವ ರಿಲೇಯ ಕಾಂಟ್ಯಾಕ್ಟ್ 10 ಆಂಪಿನಲ್ಲಿ ಬೇಗ ಬೆಸೆದುಕೊಳ್ಳುತ್ತದೆ. ಆಗ ಬಟನ್ ಬಿಟ್ಟರೂ ಹಾರ್ನ್ ನಿಲ್ಲದು.

0.4 ವೋಲ್ಟ್ ನಷ್ಟ ಚೆನ್ನಾಗಿದೆ. ಅದಕ್ಕಿಂತ ಇಳಿಸಲು ಹೆಣಗಬೇಡಿ.

ಕಾಲಮ್‌ಕೆಲಸ

ಎರಡನೆಯದು ಕಾಲಮ್ ವೈರಿನದೇ. ತಿರುಗಿಸಿದಾಗ ಬರುವುದರಿಂದ, ಶಾಫ್ಟಿನ ಜೊತೆ ಸುತ್ತುವ ಭಾಗದಲ್ಲಿ ಹೊದಿಕೆ ಹರಿದು ತಾಮ್ರ ಲೋಹಕ್ಕೆ ತಾಗುತ್ತಿದೆ. ಖಚಿತ ಮಾಡಿಕೊಳ್ಳಲು: ಬ್ಯಾಟರಿ ಬಿಚ್ಚಿ, ರಿಲೇಯ 85ರಿಂದ ವೈರು ತೆಗೆದು, ಮೀಟರನ್ನು ಬೀಪ್ ಕೊಡುವ ಸ್ಥಾನಕ್ಕೆ ಇಟ್ಟು, ಒಂದು ಮೊನೆ ಆ ವೈರಿಗೆ, ಇನ್ನೊಂದು ಚಾಸಿಗೆ. ಬಟನ್ ಮುಟ್ಟದೆ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಿ. ಬೀಪ್ ಬಂದಲ್ಲಿ ನಿಲ್ಲಿಸಿ. ಈಗ ಬ್ರಷ್ ಬಿಚ್ಚಿ ಹೊರಗೆ ಹಿಡಿಯಿರಿ. ಬೀಪ್ ನಿಂತರೆ ದೋಷ ಉಂಗುರದಲ್ಲಿ ಅಥವಾ ಅದರ ಮೇಲಿನ ವೈರಿನಲ್ಲಿ. ನಿಲ್ಲದಿದ್ದರೆ ಬ್ರಷ್ಷಿನಿಂದ ರಿಲೇಗೆ ಬರುವ ವೈರು ಕಾಲಮ್ ಬ್ರಾಕೆಟ್ಟಿಗೆ ಉಜ್ಜುತ್ತಿದೆ. ಆ ವೈರು ಕಣ್ಣಿಗೆ ಕಾಣುತ್ತದೆ, ಮೊದಲು ಅದನ್ನೇ ಬೆರಳಾಡಿಸಿ ನೋಡಿ, ಐದು ನಿಮಿಷದ ಕೆಲಸ.

ಉಂಗುರದ ಕಡೆಯದೇ ಆದರೆ ಟೇಪು ಸುತ್ತಿ ಮುಂದೂಡಬೇಡಿ, ಕೊಳವೆಯೊಳಗೆ ಟೇಪಿನ ಅಂಟು ಬಿಸಿಲಿಗೆ ಕರಗಿ ಜಾರುತ್ತದೆ. ಮೇಲೆ ಹೇಳಿದಂತೆ ಪೂರ್ತಿ ವೈರು ಬದಲಿಸಿ, 1 ಚದರ ಮಿಲಿಮೀಟರ್ ಧಾರಾಳ ಸಾಕು. ಉಂಗುರಕ್ಕೆ ಬೆಸುಗೆ ಹಾಕುವಾಗ ಅದರ ಕೆಳಗಿನ ಇನ್ಸುಲೇಷನ್ ಸುಡದ ಹಾಗೆ ಬಿಸಿ ಬೇಗ ಕೊಟ್ಟು ಬೇಗ ತೆಗೆಯಿರಿ, ಹಿಡಿದುಕೊಂಡೇ ಕೂರಬೇಡಿ.

ತೋಟದಗಾಡಿ51

86ರ ಲೈನ್ ಸ್ವಿಚ್ಚಿನ ಹಿಂಬದಿಗೆ ಬಂತು, 2 ಆಂಪ್ ಫ್ಯೂಸಿನ ಜೊತೆ. ಬಡಿತ ನಿಂತಿದೆ. ಎರಡನೆಯದು ಬ್ರಷ್ಷಿನಿಂದ ಇಳಿಯುವ ವೈರೇ. ಕಾಲಮ್ ಬ್ರಾಕೆಟ್ಟಿನ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಉದ್ದ ತಾಮ್ರ ಬೆತ್ತಲೆಯಾಗಿತ್ತು. ಆ ವೈರನ್ನು ಸ್ಲೀವ್ ಸಮೇತ ಹೊಸದು ಹಾಕಿ, ಬ್ರಾಕೆಟ್ಟಿನಿಂದ ದೂರ ಕಟ್ಟಿದ್ದೇನೆ. ಮೀಟರ್ ಈಗ ತುದಿಯಿಂದ ತುದಿಗೆ ಮೌನ. ಒಳಗಿನ ವೈರನ್ನು ಮಳೆಗಾಲಕ್ಕೆ ಮುಂಚೆ ಬದಲಿಸುತ್ತೇನೆ. ಹಳೆಯ ಹಾರ್ನ್ ರಿವೈಂಡಿಂಗಿಗೆ ಹೋಗುತ್ತಿದೆ. ಅದು ಬಂದ ಮೇಲೆ ಮೂರೂ ಒಟ್ಟಿಗೆ 87ಕ್ಕೆ ಸೇರಿಸಬಹುದಾ?

ಆರುವೋಲ್ಟ್

ಕರೆಂಟ್ ಲೆಕ್ಕದಲ್ಲಿ ಆಗುತ್ತದೆ. ಮರುಸುತ್ತಿದ ಮೇಲೆ ಅದು 4 ಆಂಪ್ ಎಳೆದರೆ ಒಟ್ಟು 13-14. ಫ್ಯೂಸು 20 ಆಂಪಿಗೆ ಏರಿಸಿ, 2.5ರ ವೈರು ತಡೆಯುತ್ತದೆ, ರಿಲೇಯೂ ತಡೆಯುತ್ತದೆ. ಶ್ರುತಿಯ ಲೆಕ್ಕದಲ್ಲಿ ಬೇಡ. ಹಳೆಯ ಹಾರ್ನಿನ ಸ್ವರ ಆ ಜೋಡಿಗೆ ಕೂಡುವುದು ಅಪರೂಪ. ತೋಟದ ದಾರಿಗೆ ಹಳೆಯದೊಂದೇ, ಘಾಟಿಗೆ ಜೋಡಿ ಅಂತ ಮಾಡಿ: 87ರಿಂದ ಬರುವ ವೈರನ್ನು ಬಾನೆಟ್ ಒಳಗೇ 20 ಆಂಪಿನ ಎರಡು ದಿಕ್ಕಿನ ಟಾಗಲ್ ಸ್ವಿಚ್ಚಿನ ನಡುಗಾಲಿಗೆ ಕೊಡಿ, ಒಂದು ಬದಿಗೆ ಜೋಡಿ, ಇನ್ನೊಂದು ಬದಿಗೆ ಹಳೆಯದು. ಡ್ಯಾಶ್‌ಬೋರ್ಡಿಗೆ ತೂತೂ ಬೇಡ. ನೀರು ತಾಗದಂತೆ ಸ್ವಿಚ್ಚಿಗೆ ರಬ್ಬರ್ ಟೋಪಿ ಹಾಕಿ, ನಡುವಿನ ಆಫ್ ಸ್ಥಾನ ಇಲ್ಲದ ಸ್ವಿಚ್ಚನ್ನೇ ಕೇಳಿ ತನ್ನಿ.